ಹ್ಞೂಂ ಎಂಬ ಸನ್ನೆಗೋಲು

ವಿನೋದಿನಿಯ ಮಾತು ನಿಂತದ್ದು ಶನಿವಾರ. ಅದು ಅವಳ ಗಂಡ ಮೋನಪ್ಪನ ಗಮನಕ್ಕೆ ಬಂದದ್ದು ಸೋಮವಾರ.

ನಡುವಿನ ಭಾನುವಾರ ಅವನು ಎಂದಿನಂತೆ ಬೆಳಗಿನ ಐದೂವರೆಗೆ ಹೋಟೆಲಿಗೆ ಹೋಗಿದ್ದ. ರಾತ್ರಿ ಹತ್ತು ಗಂಟೆಗೆ ಭಾಂಡುಪ್‌ನ ಚಾಳಿಗೆ ಮರಳಿ, ಮೊದಲನೇ ಮಾಳಿಗೆಯ ಹದಿನಾಲ್ಕನೇ ನಂಬರಿನ ಖೋಲಿಯಲ್ಲಿ ಇಯರ್‌ಫೋನ್ ತೆಗೆಯದೆಯೇ ಉಂಡು, ಎರಡು ಸಲ "ಹ್ಞೂಂ" ಎಂದು ಮಲಗಿದ್ದ. ಯಾರೂ ಏನೂ ಕೇಳಿಯೇ ಇರಲಿಲ್ಲ ಎನ್ನುವುದು ಹೊಳೆಯಲು ಇನ್ನೂ ಒಂದು ದಿನ ಬೇಕಾಯಿತು.

ಇಯರ್‌ಫೋನಿನಲ್ಲಿ ಮಾತಾಡುತ್ತಿದ್ದವನು ಒಬ್ಬ ಹಿಂದಿ ಗುರು. ಅವನ ವಿಷಯ ಒಂದೇ: ಲಿವರೇಜ್. ಕಡಿಮೆ ಶ್ರಮ, ಹೆಚ್ಚು ಫಲ. "ಭಾರ ಎತ್ತಬೇಡಿ, ಭಾರ ತಾನಾಗಿ ಏಳುವ ಜಾಗ ಹುಡುಕಿ" ಎಂದು ಅವನು ದಿನಕ್ಕೆ ನಲವತ್ತು ನಿಮಿಷ ಹೇಳುತ್ತಿದ್ದ. ಮೋನಪ್ಪ ಅದನ್ನು ಸೋಮಾರಿತನಕ್ಕೆ ಕೇಳುತ್ತಿದ್ದ ಎನ್ನುವಂತಿಲ್ಲ. ಹದಿನಾರನೇ ವಯಸ್ಸಿಗೆ ಉಡುಪಿ ಕಡೆಯಿಂದ ಬಂದು, ಹಿಟ್ಟಿನ ಪಾತ್ರೆ, ಗ್ಯಾಸ್ ಸಿಲಿಂಡರ್, ಅಕ್ಕಿಮೂಟೆ ಎಲ್ಲವನ್ನೂ ಬೆನ್ನಿನ ಮೇಲೆ ಹೊತ್ತವನು. ಈಗ ಸೂಪರ್‌ವೈಸರ್ ಆಗಿದ್ದರೂ ಬೆನ್ನು ಇನ್ನೂ ಹಳೆಯ ಹುದ್ದೆಯಲ್ಲೇ ಇತ್ತು. ಬಗ್ಗಿದರೆ ಒಳಗಿನಿಂದ ಹಪ್ಪಳ ಮುರಿದ ಶಬ್ದ ಬರುತ್ತಿತ್ತು. ಭಾರ ತಾನಾಗಿ ಏಳುತ್ತದೆ ಎಂದು ಯಾರಾದರೂ ಹೇಳಿದರೆ ಅಂಥವನಿಗೆ ಕೇಳಬೇಕೆನಿಸುವುದು ಸಹಜ.

ಅವನು ಸ್ವಂತವಾಗಿ ಕಂಡುಹಿಡಿದ ಲಿವರೇಜ್ ಒಂದಿತ್ತು. ಅದೇ ಆ "ಹ್ಞೂಂ". ಎದುರಿನವರ ಮಾತಿನ ಕೆಳಗೆ ಸರಿಯಾದ ಸಮಯಕ್ಕೆ ಒಂದು "ಹ್ಞೂಂ" ತೂರಿಸಿದರೆ ಅರ್ಧ ಗಂಟೆಯ ಸಂಸಾರ ತಾನಾಗಿ ಉರುಳಿಕೊಂಡು ಹೋಗುತ್ತದೆ.

ಆದರೆ ತೂರಿಸಲು ಮಾತೇ ಇಲ್ಲದಿದ್ದರೆ? ವಿನೋದಿನಿ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್. ಇಪ್ಪತ್ತೆರಡು ವರ್ಷ ನಾಲ್ಕನೇ ಕ್ಲಾಸಿಗೆ ಪಾಠ ಹೇಳಿ ಹೇಳಿ, ಪ್ರತಿ ಮಾತನ್ನೂ ಎರಡು ಸಲ ಹೇಳುವ ಅಭ್ಯಾಸ. "ಊಟಕ್ಕೆ ಬನ್ನಿ, ಊಟಕ್ಕೆ." "ಕೊಡೆ ತಗೊಳ್ಳಿ, ಕೊಡೆ." ಮೊದಲನೆಯದು ಗಾಳಿಗೆ, ಎರಡನೆಯದು ಗಂಡನಿಗೆ ಎಂಬುದು ಆ ಮನೆಯ ಒಪ್ಪಂದ. ಸೋಮವಾರ ಮೋನಪ್ಪ ಮಂಚದ ಮೇಲೆ ಕೂತು ಎರಡನೆಯ ಕರೆಗೆ ಕಾದ. ಸಾರು ತಣ್ಣಗಾಗಿ ಮೇಲೆ ಕೆನೆ ಕಟ್ಟಿತು. ತಲೆಯೆತ್ತಿ ನೋಡಿದರೆ ವಿನೋದಿನಿ ತಟ್ಟೆಯನ್ನು ಬೆರಳಿನಿಂದ ತೋರಿಸುತ್ತಿದ್ದಳು. ಬಾಯಿ ಬಿಗಿಯಾಗಿ ಮುಚ್ಚಿತ್ತು.

ಮಂಗಳವಾರವೆಲ್ಲ ಅವನು ಗಲ್ಲಾದ ಹಿಂದೆ ನಿಂತು ಕಾರಣ ಹುಡುಕಿದ. ಸಂಜೆಯ ಹೊತ್ತಿಗೆ ಸಿಕ್ಕಿತು. ಶುಕ್ರವಾರ ಅವಳು ಒಂದು ಬೆಂಡೋಲೆ ಕಳೆದುಕೊಂಡಿದ್ದಳು. ಅವಳ ಅಮ್ಮ ಕಿವಿಗೆ ಹಾಕುತ್ತಿದ್ದ ಜೋಡಿ ಅದು. "ಕಪಾಟಿನ ಕೆಳಗೊಂದು ಸಲ ನೋಡ್ತೀರಾ, ಕಪಾಟಿನ ಕೆಳಗೆ?" ಎಂದು ಕೇಳಿದ್ದಳು. ಅವನು "ಹ್ಞೂಂ" ಎಂದಿದ್ದ. ನೋಡಿರಲಿಲ್ಲ.

ಬುಧವಾರ ಅವನಿಗೆ ವಾರದ ರಜೆ. ಬೆಳಗ್ಗೆ ಎಂಟೂವರೆಗೆ ವಿನೋದಿನಿ ಸೀರೆಯುಟ್ಟು, ಹೆಗಲಿಗೆ ದೊಡ್ಡ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಚೀಲ ನೋಡಿ ಮೋನಪ್ಪ ಮಂಚದಿಂದ ಎದ್ದ.

"ಎಲ್ಲಿಗೆ?"

ಅವಳು ಸನ್ನೆ ಮಾಡಿದಳು. ಮೊದಲು ಕಬ್ಬಿಣದ ಕಪಾಟನ್ನು ತೋರಿಸಿದಳು. ಆಮೇಲೆ ಎರಡೂ ಅಂಗೈ ಮೇಲಕ್ಕೆತ್ತಿದಳು. ಮುಖದ ಹತ್ತಿರ ಬೆರಳುಗಳನ್ನು ಕುಣಿಸಿದಳು. ಸೆರಗನ್ನು ತಲೆಯ ಮೇಲೆ ಎಳೆದು ಮುಖ ಪೂರ್ತಿ ಮುಚ್ಚಿಕೊಂಡಳು. ಕೊನೆಗೆ ಐದು ಬೆರಳು ತೋರಿಸಿದಳು.

"ತಿಳೀತು, ತಿಳೀತು" ಎಂದ ಮೋನಪ್ಪ. ಯಾರ ಮಾತೂ ಮುಗಿಯುವ ಮುಂಚೆ ತಿಳಿದುಕೊಳ್ಳುವುದು ಕೂಡ ಒಂದು ಲಿವರೇಜ್.

ಅವಳು ಹೋದ ಮೇಲೆ ಅವನು ಸನ್ನೆಗಳನ್ನು ಸಾಲಾಗಿ ಓದಿದ. ಕಪಾಟು ಎತ್ತಿ. ಮುಖದ ಹತ್ತಿರ ಬೆರಳು ಅಂದರೆ ಓಲೆ. ಓಲೆ ಹುಡುಕಿ. ಐದು ಗಂಟೆಯೊಳಗೆ. ಇಲ್ಲದಿದ್ದರೆ, ಸೆರಗು ಮುಚ್ಚಿಕೊಂಡದ್ದರ ಅರ್ಥ, ಇನ್ನು ನನ್ನ ಮುಖ ನೋಡಬೇಡಿ. ಚೀಲ ಗೋರೆಗಾಂವ್‌ಗೆ ಹೊರಟಿದೆ. ಅಲ್ಲಿ ಅವಳ ಅಣ್ಣ ಈಶ್ವರ ಇದ್ದಾನೆ.

ಬಾಗಿಲಾಚೆಯ ಪ್ಯಾಸೇಜಿನಲ್ಲಿ ಪಕ್ಕದ ಖೋಲಿಯ ಲಕ್ಷ್ಮವ್ವ ಕೊಡ ತೊಳೆಯುತ್ತಿದ್ದಳು. ವಿನೋದಿನಿಯ ಶಾಲೆಯಲ್ಲೇ ಅವಳು ಮೌಶಿ, ಅಂದರೆ ಆಯಾ.

"ಅಣ್ಣಾರ, ಟೀಚರ್ ಒಬ್ಬರ ಹ್ವಾದ್ರಲ್ಲ. ನಿಮಗ ಇವತ್ತ ಸುಟ್ಟಿ ಐತಿ, ಸಂಗಟ ಹೋಗಬಾರದೇನ್ರಿ?"

"ನನಗೆ ಸ್ವಲ್ಪ ಕೆಲಸ ಉಂಟು."

"ಮಾತು ಏನರ ಆಡಿದ್ರೇನು?"

ಮೋನಪ್ಪನ ಕಿವಿ ಬಿಸಿಯಾಯಿತು. ಜಗಳ ಚಾಳಿಗೆಲ್ಲ ಗೊತ್ತಾಗಿದೆ. "ಆಡಿದಳು, ಆಡಿದಳು. ಸುಮಾರು ಹೊತ್ತು ಆಡಿದಳು" ಎಂದ.

ಲಕ್ಷ್ಮವ್ವನ ಮುಖ ಅರಳಿತು. "ಹೌದಾ? ಭಾಳ ಛಲೋ ಆತ ನೋಡ್ರಿ. ನಾ ಸಿದ್ಧೇಶ್ವರಗ ಕಾಯಿ ಒಡಸ್ತೀನಿ ಅಂದಿದ್ದೆ" ಎನ್ನುತ್ತ ಕೊಡ ಎತ್ತಿಕೊಂಡು ಶಾಲೆಗೆ ಹೊರಡಲು ಒಳಗೆ ಹೋದಳು. ಹೆಂಡತಿ ಗಂಡನೊಡನೆ ಮಾತಾಡಿದ್ದಕ್ಕೆ ತೆಂಗಿನಕಾಯಿ ಒಡೆಯುವ ಮಟ್ಟಕ್ಕೆ ತನ್ನ ಸಂಸಾರ ಇಳಿಯಿತಲ್ಲ ಎಂದು ಮೋನಪ್ಪ ಬಾಗಿಲು ಎಳೆದುಕೊಂಡ.

ಕಪಾಟು ಈಶ್ವರ ಮದುವೆಗೆ ಕೊಟ್ಟದ್ದು. ಆನೆಯೊಂದು ಗೋಡೆಗೊರಗಿ ನಿದ್ದೆ ಹೋದಂತೆ ಇಪ್ಪತ್ತಾರು ವರ್ಷದಿಂದ ಅದೇ ಮೂಲೆಯಲ್ಲಿತ್ತು. ಒಳಗೆ ವಿನೋದಿನಿಯ ಸೀರೆಗಳು, ಮಗಳ ಶಾಲೆಯ ಪುಸ್ತಕಗಳು, ಹಿತ್ತಾಳೆಯ ದೀಪಗಳು. ಮೇಲೆ ಸೂಟ್‌ಕೇಸು, ಛತ್ರಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಏನೇನೋ. ಕೆಳಗೆ ಎರಡು ಬೆರಳಿನಷ್ಟು ಸಂದು. ಮೋನಪ್ಪ ಹಪ್ಪಳದ ಶಬ್ದ ಮಾಡುತ್ತ ನೆಲಕ್ಕೆ ಮಲಗಿ ಫೋನಿನ ಟಾರ್ಚ್ ಹಾಕಿದ. ತುಂಬಾ ಒಳಗೆ, ಗೋಡೆಯ ಹತ್ತಿರ ಏನೋ ಮಿನುಗಿತು.

ಪೊರಕೆಯ ಹಿಡಿಯಿಂದ ಎಳೆದ. ಅದು ಇನ್ನೂ ಒಳಗೆ ಹೋಯಿತು. ಲಟ್ಟಣಿಗೆಗೆ ಪೊರಕೆ ಕಟ್ಟಿ ಎಳೆದ. ಲಟ್ಟಣಿಗೆ ಕಳಚಿ ಅದೂ ಒಳಗೆ ಹೋಯಿತು. ಕೆಳಗಿರುವುದನ್ನು ಹೊರಗೆ ತರಲು ಹೊರಗಿರುವುದನ್ನೆಲ್ಲ ಕೆಳಗೆ ಕಳಿಸುತ್ತಿದ್ದೇನೆ ಎಂದು ಅವನಿಗೆ ಅರ್ಥವಾಗುವಾಗ ಹನ್ನೊಂದು ಗಂಟೆ.

ಆಗ ಬಂದವನು ಒಂಬತ್ತನೇ ನಂಬರಿನ ಧನರಾಜ್. ವಿಮೆ ಏಜೆಂಟ್. ಇವನೂ ಕರಾವಳಿಯವನೇ, ಮೋನಪ್ಪನಿಗೆ ಹಿಂದಿ ಗುರುವಿನ ಲಿಂಕ್ ಕಳಿಸಿದವನೇ. ಮಧ್ಯಾಹ್ನದವರೆಗೆ ಯಾರೂ ಸಾಯುವ ಭಯ ಪಡುವುದಿಲ್ಲ ಎಂಬ ಕಾರಣಕ್ಕೆ ಅವನು ಬೆಳಗ್ಗೆ ಮನೆಯಲ್ಲೇ ಇರುತ್ತಿದ್ದ.

"ಎಂತ ಮೋನಪ್ಪಣ್ಣ, ನೆಲದಲ್ಲಿ? ಯೋಗವಾ?"

"ಓಲೆ ಮಾರಾಯ. ಕಪಾಟಿನ ಕೆಳಗೆ ಬಿದ್ದದ್ದು. ಐದು ಗಂಟೆ ಒಳಗೆ ಸಿಗದಿದ್ದರೆ ನನ್ನ ಕತೆ ಮುಗೀತು. ಒಳಗಿದ್ದದ್ದು ಎಲ್ಲ ತೆಗೆದು ಖಾಲಿ ಮಾಡಿದರೆ ಸರಿಸಬಹುದು ಅಂತ ಕಾಣ್ತದೆ."

ಧನರಾಜ್ ಕಣ್ಣು ಮುಚ್ಚಿದ, ಯಾರೋ ಪಾಲಿಸಿ ನಿಲ್ಲಿಸುತ್ತೇನೆ ಎಂದಾಗ ಮುಚ್ಚುವಂತೆ. "ಖಾಲಿ ಮಾಡುವುದು ಮೆಹನತ್. ಇಷ್ಟು ದಿನ ಕೇಳಿ ನೀವು ಕಲಿತದ್ದು ಇದುವಾ? ಲಿವರೇಜ್ ಮಾಡುವ. ಅಣವೀರಪ್ಪಣ್ಣ ಮನೆಯಲ್ಲೇ ಇದ್ದಾರೆ, ಸೈಟಿಗೆ ಸಿಮೆಂಟ್ ಬರ್ಲಿಲ್ಲ ಅಂತೆ."

ಅಣವೀರಪ್ಪ ಲಕ್ಷ್ಮವ್ವನ ಗಂಡ, ಕಟ್ಟಡದ ಕೆಲಸದವನು. ಬಂದು ಕಪಾಟನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ಅಂಗೈಯಿಂದ ಒಮ್ಮೆ ತಟ್ಟಿದ. ದನದ ಸಂತೆಯಲ್ಲಿ ನಿಂತವನ ಹಾಗಿದ್ದ.

"ಇದಕ್ಕ ಸನ್ನಿ ಹಾಕಬೇಕ್ರಿ."

ಮೋನಪ್ಪ ಕೈ ಮುಗಿದ. "ಸನ್ನೆ ಮಾತ್ರ ಬೇಡ ಅಣವೀರಪ್ಪ. ನಾಲ್ಕು ದಿನದಿಂದ ಈ ಮನೆಯಲ್ಲಿ ಬರೀ ಸನ್ನೆಯೇ."

"ನಾಕ ದಿನದಿಂದ ಸನ್ನಿ ಹಾಕಾಕ ಹತ್ತೀರಿ?" ಅಣವೀರಪ್ಪ ನಿಜವಾಗಿ ಬೆರಗಾದ. "ಆದರೂ ಎದ್ದಿಲ್ಲಾ? ಹಂಗಾರ ನಿಮ್ಮ ಹಾರಿ ಸಣ್ಣದ ಇರಬೇಕು."

ಧನರಾಜ್ ನಡುವೆ ಬಂದ. "ಅವರು ಹೇಳುವುದು ಕೈಸನ್ನೆ. ನೀವು ಹೇಳುವುದು ಸನ್ನೆಗೋಲು. ಲಿವರ್, ಲಿವರ್."

"ಲಿವರ್ ನಂಗೇನ್ ಗೊತ್ತಿಲ್ರಿ. ಹಾರಿ ಅಡ್ಯಾಗ ಇಟ್ಟು, ನಡುವ ಒಂದ ಕಲ್ಲು ಕೊಟ್ಟು, ಈ ತುದಿ ಒತ್ತಿದ್ರ ಆ ತುದಿ ಗುಡ್ಡಾ ಇದ್ರೂ ಏಳತೈತಿ. ನಮ್ಮಪ್ಪಗೂ ಗೊತ್ತಿತ್ತು, ಅವರಪ್ಪಗೂ ಗೊತ್ತಿತ್ತು."

ಹಿಂದಿ ಗುರು ನಲವತ್ತು ನಿಮಿಷ ಹೇಳುತ್ತಿದ್ದುದನ್ನು ಅಣವೀರಪ್ಪ ಒಂದೇ ಉಸಿರಿನಲ್ಲಿ ಮುಗಿಸಿ, ಕಬ್ಬಿಣದ ಹಾರೆ ತರಲು ಹೋಗಿದ್ದ.

ನಡುವೆ ಕೊಡಲು ಕಲ್ಲು ಇರಲಿಲ್ಲ. ಧನರಾಜ್ ತೆಂಗಿನಕಾಯಿಯ ತುರಿಮಣೆ ಎಳೆದು ತಂದ. ಹಾರೆಯ ತುದಿ ಒತ್ತಿದ ಕೂಡಲೇ ಅದು ಒಂದು ನರಳು ನರಳಿ ಕಾಲು ಮುರಿದುಕೊಂಡಿತು.

"ಒಳ್ಳೆ ಮರ ಅಲ್ಲ" ಎಂದ ಧನರಾಜ್.

"ಅವಳ ಅಮ್ಮನದ್ದು" ಎಂದ ಮೋನಪ್ಪ.

ಮೂವರೂ ತುರಿಮಣೆಯನ್ನು ಮಂಚದ ಕೆಳಗೆ ಗೌರವದಿಂದ ಮಲಗಿಸಿದರು. ಅಣವೀರಪ್ಪ ಮೆಟ್ಟಿಲ ಕೆಳಗಿಂದ ಎರಡು ಇಟ್ಟಿಗೆ ತಂದ. ಈ ಸಲ ಹಾರೆ ಸರಿಯಾಗಿ ಕೂತಿತು. ಅಣವೀರಪ್ಪ ತುದಿ ಒತ್ತಿದ. ಇಪ್ಪತ್ತಾರು ವರ್ಷದ ಆನೆ ಮುಂಗಾಲು ಎತ್ತಿತು, ಒಂದು ಗೇಣು.

"ಬರ್ರಿ ಅಣ್ಣಾರ. ಈ ತುದಿ ಮ್ಯಾಲ ಕುಂದರ್ರಿ. ನಾ ಇನ್ನೊಂದು ಇಟ್ಟಂಗಿ ತೂರಿಸ್ತೀನಿ. ನಾ ಅನ್ನೂತನಕ ಏಳಬ್ಯಾಡ್ರಿ."

"ಬರೀ ಕೂತರೆ ಸಾಕಾ?"

"ಕುಂದರೂದ ಕೆಲಸ."

ಮೋನಪ್ಪ ಹಾರೆಯ ಮೇಲೆ ಕೂತ. ಎಂಬತ್ತನಾಲ್ಕು ಕಿಲೋ. ಕಪಾಟು ಅಲ್ಲಾಡಲಿಲ್ಲ. ಜೀವನದಲ್ಲಿ ಮೊದಲ ಸಲ ಅವನು ಕೂತದ್ದರಿಂದ ಏನೋ ಎದ್ದು ನಿಂತಿತ್ತು. ಮೂವತ್ತಮೂರು ವರ್ಷ ಹೊತ್ತ ಮೂಟೆಗಳೆಲ್ಲ ಕಣ್ಣ ಮುಂದೆ ಬಂದವು. ಇದೊಂದು ಹಾರೆ ಆಗ ಇದ್ದಿದ್ದರೆ ಎಂದುಕೊಂಡ. ಬೆನ್ನು ಕೂಡ ಹೌದೆಂದಿತು. ಅಷ್ಟರಲ್ಲಿ ಪ್ಯಾಸೇಜಿನಲ್ಲಿ ಏಳೆಂಟು ಜನ ಸೇರಿದ್ದರು. ಒಬ್ಬರು ಚಹಾ ತಂದುಕೊಟ್ಟರು. ಸಿಂಹಾಸನದಲ್ಲಿದ್ದವನ ಹಾಗೆ ಮೋನಪ್ಪ ಚಹಾ ಕುಡಿದ.

ಧನರಾಜ್ ಪೊರಕೆಯಿಂದ ಕಪಾಟಿನ ಅಡಿ ಗುಡಿಸಿ ಹೊರಗೆಳೆದ. ಲಟ್ಟಣಿಗೆ ಬಂತು. ಹಲ್ಲಿನ ಗುರುತಿದ್ದ ಪೆನ್ಸಿಲ್ ತುಂಡು ಬಂತು. ಹೋದ ವರ್ಷ ಕಳೆದ ಇಯರ್‌ಫೋನಿನ ಎಡಗಿವಿಯ ರಬ್ಬರ್ ಟೊಪ್ಪಿ ಬಂತು. ಕೊನೆಗೆ ಮಿನುಗಿದ್ದೂ ಬಂತು. ಚಾಕಲೇಟಿನ ಬೆಳ್ಳಿ ಕಾಗದ.

"ಓಲೆ ಇಲ್ವಾ?"

"ಇಲ್ಲ. ಇದೊಂದು ಎಂತದೋ ಪಟ್ಟಿ."

ಹೆಬ್ಬೆರಳಿನಷ್ಟು ಅಗಲದ, ಹಳದಿಯಾದ ಪ್ಲಾಸ್ಟಿಕ್ ಪಟ್ಟಿ. ಮೋನಪ್ಪ ಅದನ್ನು ಬೆಳಕಿಗೆ ಹಿಡಿದ. ಮಸುಕಾದ ನೀಲಿ ಇಂಕಿನಲ್ಲಿ ನರ್ಸ್ ಯಾರೋ ಬರೆದದ್ದು: ವಿನೋದಿನಿ ಅವರ ಮಗು, ಹೆಣ್ಣು. ಮಗಳು ಯಕ್ಷಿತಾ ಹುಟ್ಟಿದಾಗ ಅವಳ ಕೈಗೆ ಕಟ್ಟಿದ್ದು. ಆ ಮೂರು ದಿನ ಆಸ್ಪತ್ರೆಯಲ್ಲಿ ವಿನೋದಿನಿ ಮಾತಾಡಿದ್ದೇ ಮಾತಾಡಿದ್ದು, ಎಲ್ಲವನ್ನೂ ಎರಡೆರಡು ಸಲ: ಮೂಗು ನಿಮ್ಮದು, ನಿಮ್ಮದೇ ಮೂಗು. ಅವನು ಸ್ಟೂಲಿನ ಮೇಲೆ ಕೂತು ಎರಡೂ ಸಲ ಕೇಳಿದ್ದ. ಆಗ ಕಿವಿಯಲ್ಲಿ ಏನೂ ಇರಲಿಲ್ಲ.

ಅವನು ಪಟ್ಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ ಹಾಗೆಯೇ ಫೋನು ಬಂತು. ಪುಣೆಯಲ್ಲಿ ಕೆಲಸದಲ್ಲಿರುವ ಯಕ್ಷಿತಾ, ವಿಡಿಯೋ ಕಾಲ್.

"ಪಪ್ಪಾ, ನೀವು ಕಿಸ್ ಪರ್ ಕೂತಿದ್ದೀರಿ?"

"ಕಬ್ಬಿಣದ ಮೇಲೆ. ಎಂತ ಹೇಳು."

"ಮಮ್ಮಿ ರೀಚ್ ಆದ್ಲಾ? ಮೆಸೇಜ್ ನೋಡೋದಿಲ್ಲ ಅವಳು. ನೀವು ಸಾಥ್‌ನಲ್ಲಿ ಯಾಕೆ ಹೋಗಿಲ್ಲ? ಅಕೇಲೀ ಬಿಟ್ರಾ ಅವಳನ್ನ?"

ಮಗಳಿಗೂ ಗೊತ್ತು. ಅಂದರೆ ನಿಜವಾಗಿ ಹೋಗಿದ್ದಾಳೆ. ಮೋನಪ್ಪ ದಿಗ್ಗನೆ ಎದ್ದು ನಿಂತ.

"ಏಳಬ್ಯಾಡ್ರಿ" ಎಂದು ಅಣವೀರಪ್ಪ ಹೇಳಿದ್ದು ಹಾರೆ ಹಾರಿದ ಮೇಲೆ.

ಆನೆ ಮುಂಗಾಲು ಇಳಿಸಿತು. ಧನರಾಜ್ ಕೈ ಎಳೆದುಕೊಂಡ, ಪೊರಕೆಯನ್ನು ಬಿಟ್ಟುಕೊಟ್ಟ. ಒಂದು ಕಾಲು ಇಟ್ಟಿಗೆಯ ಮೇಲೆ, ಮೂರು ಕಾಲು ನೆಲದ ಮೇಲೆ ನಿಂತ ಕಪಾಟು ಕುಡಿದವನ ಹಾಗೆ ಒಮ್ಮೆ ತೂಗಿತು. ಬಾಗಿಲು ತೆರೆದು, ಇಪ್ಪತ್ತಾರು ವರ್ಷದ ಸೀರೆಗಳೆಲ್ಲ ಧನರಾಜನ ಮೇಲೆ ಜಾರಿದವು. ಮೇಲಿನಿಂದ ಸೂಟ್‌ಕೇಸು ಬಿತ್ತು, ಛತ್ರಿ ಬಿತ್ತು, ಪ್ಲಾಸ್ಟಿಕ್ ಚೀಲದೊಳಗಿನ ನೀಲಿ ಬಣ್ಣದ ಏನೋ ಒಂದು ಬಿದ್ದು ಮೂರು ತುಂಡಾಗಿ ಮೂರು ದಿಕ್ಕಿಗೆ ಹೋಯಿತು. ಫೋನು ನೆಲಕ್ಕೆ ಬಿದ್ದು ಕಪ್ಪಾಯಿತು.

"ಯಾರಿಗೂ ಏನೂ ಆಗಲಿಲ್ಲಲ್ಲ" ಎಂದು ಸೀರೆಗಳ ಒಳಗಿನಿಂದ ಧನರಾಜನ ಸ್ವರ ಬಂತು. "ಈ ನೀಲಿ ಡಬ್ಬಿ ಮಾತ್ರ ಹೋಯ್ತು."

"ಹಳೆ ಪ್ಲಾಸ್ಟಿಕ್, ಬಿಡು" ಎಂದ ಮೋನಪ್ಪ. ತುಂಡುಗಳನ್ನು ಕಾಲಿನಿಂದ ಮೂಲೆಗೆ ಸರಿಸಿದ.

ಮೂರು ಗಂಟೆಯಾಯಿತು, ನಾಲ್ಕಾಯಿತು. ಮೋನಪ್ಪ ಸೀರೆ ಮಡಚಲು ನೋಡಿದ. ಒಂದು ಮಡಚುವಾಗ ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು. ಧನರಾಜ್ ಮಂಚದ ಮೇಲೆ ಕೂತು ಹೊಸ ಉಪಾಯ ಹೇಳಿದ.

"ಓಲೆ ಹೋಯ್ತು. ಇನ್ನು ಉಳಿದದ್ದು ಮಾಫಿ. ಮಾಫಿಯಲ್ಲಿ ಕೂಡ ಲಿವರೇಜ್ ಉಂಟು ಮೋನಪ್ಪಣ್ಣ. ಇಬ್ಬರೇ ಇರುವಾಗ ಹೇಳಿದರೆ ಅವರು ಒಪ್ಪಲಿಕ್ಕೆ ವಾರ ಬೇಕು. ಎಲ್ಲರ ಮುಂದೆ ಹೇಳಿ. ಚಾಳಿನವರ ಮುಖ ನೋಡಿ ಟೀಚರ್ ಐದು ನಿಮಿಷದಲ್ಲಿ ಮಾತಾಡ್ತಾರೆ."

"ಬರ್ತಾಳೆ ಅಂತ ಎಂತ ಗ್ಯಾರಂಟಿ? ಗೋರೆಗಾಂವ್‌ಗೆ ಹೋದವಳು."

"ಐದು ಬೆರಳು ತೋರಿಸಿದ್ದಾರಲ್ಲ. ಟೀಚರು ಅವರು. ಬೆಲ್ ಹೊಡೆದ ಹಾಗೆ ಬರ್ತಾರೆ."

ಐದಕ್ಕೆ ಐದು ನಿಮಿಷವಿರುವಾಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ವಿನೋದಿನಿ ಬಂದಳು, ಹಿಂದೆ ಶಾಲೆಯಿಂದ ಮರಳಿದ ಲಕ್ಷ್ಮವ್ವ. ಪ್ಯಾಸೇಜಿನ ಜನ ದಾರಿ ಬಿಟ್ಟರು. ವಿನೋದಿನಿ ಹೊಸ್ತಿಲಲ್ಲಿ ನಿಂತು ನೋಡಿದಳು: ಸೊಟ್ಟಗೆ ನಿಂತ ಕಪಾಟು, ಅದರ ಕಾಲಡಿಯಿಂದ ಇಣುಕುವ ಪೊರಕೆ, ನೆಲದ ತುಂಬ ಸೀರೆ, ಸೀರೆಗಳ ನಡುವೆ ಗಂಡ.

ಅವಳನ್ನು ನೋಡಿದ್ದೇ ಮೋನಪ್ಪನಿಗೆ ಹೇಳಬೇಕೆಂದುಕೊಂಡದ್ದೆಲ್ಲ ಮರೆತು, ಹೇಳಬಾರದೆಂದುಕೊಂಡದ್ದೆಲ್ಲ ಬಂತು.

"ವಿನೋದಿನಿ, ಓಲೆ ಸಿಗ್ಲಿಲ್ಲ. ನೀನು ಹೇಳಿದ ದಿನ ನಾನು ನೋಡ್ಲಿಲ್ಲ, ಸುಮ್ಮನೆ ಹ್ಞೂಂ ಅಂದೆ. ತಪ್ಪು ನನ್ನದು. ಇವರೆಲ್ಲರ ಮುಂದೆ ಹೇಳ್ತೇನೆ. ತುರಿಮಣೆ ಕೂಡ ನಾನೇ ಮುರಿದದ್ದು. ಬೇಕಾದರೆ ಬೈ. ಆದರೆ ಮಾತು ಬಿಡಬೇಡ. ಈ ಖೋಲಿಯಲ್ಲಿ ನೀನು ಮಾತಾಡದಿದ್ದರೆ ನನಗೆ ಯಾವಾಗ ಏಳಬೇಕು, ಯಾವಾಗ ಉಣ್ಣಬೇಕು ಅಂತಲೇ ಗೊತ್ತಾಗುವುದಿಲ್ಲ. ಅಣ್ಣನ ಮನೆಗೆ ಹೋಗಬೇಡ."

ಪ್ಯಾಸೇಜಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಮಾತಾಡಿದ್ದು ಲಕ್ಷ್ಮವ್ವ.

"ಯಾವ ಓಲೆ ಅಣ್ಣಾರ? ಎರಡೂ ಕಿವ್ಯಾಗ ಅದಾವಲ್ಲ."

ಎಲ್ಲರೂ ನೋಡಿದರು. ವಿನೋದಿನಿಯ ಬಲಗಿವಿಯಲ್ಲಿ ಒಂದು ಬೆಂಡೋಲೆ, ಎಡಗಿವಿಯಲ್ಲಿ ಒಂದು ಬೆಂಡೋಲೆ.

"ಕಳದದ್ದು ಶನಿವಾರನ ಸಿಕ್ಕೈತಿ, ದಿಂಬಿನ ಚೀಲದಾಗ. ಅವತ್ತಿಂದ ಹಾಕ್ಕೊಂಡ ಅದಾರ. ನೀವು ನೋಡಿಲ್ಲೇನ್ರಿ?"

"ಮತ್ತೆ... ಮಾತು ಬಿಟ್ಟದ್ದು?"

"ಬಿಟ್ಟಿಲ್ರಿ, ಡಾಕ್ಟರ್ ಬಿಡಸ್ಯಾರ. ಹುಡುಗೂರಿಗೆ ಒದರಿ ಒದರಿ ಗಂಟಲಾಗ ಗಂಟು ಆಗ್ಯಾವು. ಬಾಯಿ ಬಿಡಬಾರದು ಅಂದಾರ. ಇವತ್ತ ಪರೇಲದ ದವಾಖಾನ್ಯಾಗ ತೋರಸಾಕ ಹೋಗಿದ್ರು. ಮುಂಜಾನೆ ನೀವ ಅಂದ್ರಿ, ಮಾತು ಬಂತು, ಸುಮಾರು ಹೊತ್ತು ಆಡಿದ್ರು ಅಂತ. ನಾ ಹೋಗಿ ಕಾಯಿ ಒಡಸಿ ಬಂದೀನಿ."

ಮೋನಪ್ಪ ಧನರಾಜನ ಕಡೆ ನೋಡಿದ. ಧನರಾಜ್ ಸೀಲಿಂಗ್ ಫ್ಯಾನಿನ ಕಡೆ ನೋಡುತ್ತಿದ್ದ.

"ಹಾಗಾದರೆ ಬೆಳಗ್ಗೆ ಕಪಾಟು ತೋರಿಸಿ ಎತ್ತು ಅಂದದ್ದು?"

ವಿನೋದಿನಿ ಅದೇ ಸನ್ನೆಗಳನ್ನು ಇನ್ನೊಂದು ಸಲ ಮಾಡಿದಳು, ಈ ಸಲ ನಿಧಾನವಾಗಿ, ನಾಲ್ಕನೇ ಕ್ಲಾಸಿನ ಕೊನೆಯ ಬೆಂಚಿಗೆ ಮಾಡುವ ಹಾಗೆ. ಲಕ್ಷ್ಮವ್ವ ಒಂದೊಂದಾಗಿ ಬಿಡಿಸಿದಳು. "ಕಪಾಟಿನ ಮ್ಯಾಲ. ಎತ್ತಿ ಇಳಸ್ರಿ. ಬೆರಳು ಕುಣಿಸಿದ್ದು ಉಗಿ. ಸೆರಗ ಹೊಚ್ಕೊಂಡಿದ್ದು, ಉಗಿ ತಗೋವಾಗ ಹೊಚ್ಕೋತಾರಲ್ಲ, ಹಂಗ. ಐದಕ್ಕ ಬರ್ತೀನಿ, ಬಂದಕೂಡ್ಲೆ ಉಗಿ ತಗೋಬೇಕು. ಕಪಾಟಿನ ಮ್ಯಾಲಿನ ಉಗಿ ಮಷಿನ್ ಇಳಿಸಿ ಇಡ್ರಿ ಅಂದಾರ. ನೀಲಿದು."

ಕೈ ಮೇಲೆತ್ತಿದ್ದರೆ ಸಿಗುತ್ತಿತ್ತು. ಸ್ಟೂಲೂ ಬೇಕಿರಲಿಲ್ಲ.

ಎಲ್ಲರ ಕಣ್ಣು ಮೂಲೆಯಲ್ಲಿದ್ದ ಮೂರು ನೀಲಿ ತುಂಡುಗಳ ಮೇಲೆ ನಿಂತಿತು. ಅಣವೀರಪ್ಪ ಹಾರೆಯನ್ನು ಮೆಲ್ಲಗೆ ಬೆನ್ನ ಹಿಂದೆ ಹಿಡಿದುಕೊಂಡ.

ವಿನೋದಿನಿ ಚೀಲದಿಂದ ಡಾಕ್ಟರ ಚೀಟಿ ತೆಗೆದು ಧನರಾಜನಿಗೆ ಕೊಟ್ಟಳು. ಅವನು ಪಾಲಿಸಿಯ ಸಣ್ಣ ಅಕ್ಷರ ಓದುವವನ ಗಾಂಭೀರ್ಯದಿಂದ ಓದಿದ. "ಗುಣ ಉಂಟು. ಇವತ್ತಿನಿಂದ ಮೆಲ್ಲಗೆ ಮಾತಾಡಬಹುದು. ದಿನಕ್ಕೆ ಹತ್ತು ಶಬ್ದ."

"ಹತ್ತ ಅಷ್ಟ?" ಎಂದಳು ಲಕ್ಷ್ಮವ್ವ. "ಪರೇಲದಿಂದ ಇಲ್ಲೀತನಕ ಒಂದೂ ಖರ್ಚು ಮಾಡಿಲ್ರಿ. ಮೆಟ್ಟಲ ಹತ್ತೂವಾಗ ನನ್ನ ಸಂಗಟನೂ ಆಡಿಲ್ಲ. ಮೊದಲ ಇವರ ಸಂಗಟ ಆಡಬೇಕಂತ ಉಳಿಸ್ಕೊಂಡ ಬಂದಿರಬೇಕು."

ವಿನೋದಿನಿ ಗಂಡನನ್ನು ನೋಡಿದಳು. ಬಾಯಿ ತೆರೆದಳು. ನಾಲ್ಕು ದಿನದ ಮೇಲೆ ಬಂದ ದನಿ, ಹೊಸ ಚಪ್ಪಲಿ ಹಾಕಿ ನಡೆದಂತೆ ಸ್ವಲ್ಪ ಕಿರುಗುಟ್ಟಿತು.

"ಶನಿವಾರ ಹೇಳಿದ್ದೆ. ನೀವು ಹ್ಞೂಂ ಅಂದ್ರಿ."

"ಐದು" ಎಂದ ಧನರಾಜ್, ಬೆರಳು ಮಡಚುತ್ತ.

ಮೋನಪ್ಪನಿಗೆ ನೆನಪಾಯಿತು. ಶನಿವಾರ ಅವಳು ಮಂಚದ ತುದಿಯಲ್ಲಿ ಕೂತು ಬಹಳ ಹೊತ್ತು ಏನೋ ಹೇಳಿದ್ದಳು. ಕುತ್ತಿಗೆ ಮುಟ್ಟಿಕೊಂಡಿದ್ದಳು. ಗುರು ಆಗ ಬಹಳ ಒಳ್ಳೆಯ ಜಾಗದಲ್ಲಿದ್ದ.

"ಮೊದಲು ಸೀರೆ ಮಡಚಿ."

"ಎಂಟು. ಇನ್ನು ಎರಡೇ ಟೀಚರ್, ನೋಡಿ ಖರ್ಚು ಮಾಡಿ."

ಅಣವೀರಪ್ಪ ಧನರಾಜನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದ. ಲಕ್ಷ್ಮವ್ವ ಬಾಗಿಲು ಮುಂದಕ್ಕೆ ಮಾಡಿ, ಪ್ಯಾಸೇಜಿನ ಜನರನ್ನು ಶಾಲೆಯ ಮಕ್ಕಳನ್ನು ಚದುರಿಸುವ ಹಾಗೆ ಚದುರಿಸಿದಳು.

ಖೋಲಿಯಲ್ಲಿ ಇಬ್ಬರೇ ಉಳಿದರು. ಮೋನಪ್ಪ ಜೇಬಿನಿಂದ ಹಳದಿ ಪಟ್ಟಿ ತೆಗೆದು ಅವಳ ಅಂಗೈಯಲ್ಲಿಟ್ಟ. ವಿನೋದಿನಿ ಅದನ್ನು ಕಿಟಕಿಯ ಹತ್ತಿರ ಒಯ್ದು ಓದಿದಳು. ಇನ್ನೊಂದು ಸಲ ಓದಿದಳು. ಹೆಬ್ಬೆರಳಿನಿಂದ ಧೂಳು ಒರೆಸಿದಳು.

"ಸಿಕ್ತಾ" ಎಂದಳು.

ಒಂಬತ್ತು. ಈ ಸಲ ಎಣಿಸಿದವನು ಮೋನಪ್ಪ.

ಆಮೇಲೆ ಅವಳು ಅವನ ಕೊರಳಲ್ಲಿ ಜೋತಾಡುತ್ತಿದ್ದ ಇಯರ್‌ಫೋನನ್ನು ತೆಗೆದುಕೊಂಡಳು. ಎರಡನ್ನೂ ತನ್ನ ಎರಡು ಕಿವಿಗೆ, ಬೆಂಡೋಲೆಗಳ ಮೇಲೆ, ನಿಧಾನವಾಗಿ ಸಿಕ್ಕಿಸಿಕೊಂಡು ಮಂಚದ ಮೇಲೆ ಕೂತಳು. ಕಿಟಕಿಯ ಆಚೆ ನೋಡತೊಡಗಿದಳು.

ಮೋನಪ್ಪ ಮೊದಲ ಸೀರೆ ಎತ್ತಿಕೊಂಡ. ಮಡಚುತ್ತ ಮಾತಾಡಿದ. ಮೊದಲು ಶನಿವಾರಕ್ಕೆ ಕ್ಷಮೆ ಕೇಳಿದ, ಆಮೇಲೆ ಶುಕ್ರವಾರಕ್ಕೆ. ಒಂದೊಂದು ಸೀರೆಗೂ ಒಂದೊಂದು ತಪ್ಪು ನೆನಪಾಯಿತು. ಹಸಿರು ಸೀರೆಗೆ ಮಗಳ ಶಾಲೆಯ ವಾರ್ಷಿಕೋತ್ಸವ, ಮಗಳು ಭಾಷಣ ಮಾಡುವಾಗ ಅವನು ಹೊರಗೆ ಫೋನಿನಲ್ಲಿದ್ದದ್ದು. ನೇರಳೆ ಸೀರೆಗೆ ವಿನೋದಿನಿಯ ಅಮ್ಮ ತೀರಿದ ವರ್ಷ. ಆಸ್ಪತ್ರೆಯ ಆ ಮೂರು ದಿನದ ಬಗ್ಗೆಯೂ ಹೇಳಿದ, ಮೂಗಿನ ಬಗ್ಗೆ ಅವಳು ಹೇಳಿದ್ದು ಈಗಲೂ ನೆನಪಿದೆ ಎಂದ, ಎರಡೂ ಸಲದ್ದು. ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಇಷ್ಟು ವರ್ಷ ಇವಳು ಯಾರ ಜೊತೆ ಮಾತಾಡುತ್ತಿದ್ದಳು ಎಂದು ಅವನಿಗೆ ಅರ್ಧ ಗಂಟೆಯಲ್ಲಿ ತಿಳಿಯಿತು.

ಕೊನೆಯ ಸೀರೆಯನ್ನು ಕಪಾಟಿನಲ್ಲಿಟ್ಟು ಅವಳ ಮುಂದೆ ಬಂದು ನಿಂತ.

"ಉಗಿಗೆ ಈಗ ಪಾತ್ರೆಯಲ್ಲಿ ನೀರು ಕಾಯಿಸಿ ಕೊಡ್ತೇನೆ. ಅಡುಗೆ ನಾನೇ ಮಾಡ್ತೇನೆ. ನಿನ್ನ ಗಂಟಲು ಸರಿಯಾಗುವ ತನಕ ಎಲ್ಲ ನಾನೇ. ಸರಿಯಾದ ಮೇಲೆ ನೀನು ಹೇಳಿದ್ದೆಲ್ಲ ಕೇಳ್ತೇನೆ. ಆಗಬಹುದಾ?"

ವಿನೋದಿನಿ ಅವನ ಕಡೆ ತಿರುಗಲೂ ಇಲ್ಲ.

"ಹ್ಞೂಂ" ಎಂದಳು.

ಬೆನ್ನು ನೆಟ್ಟಗಾಗದೆ ನಿಂತಿದ್ದ ಎಂಬತ್ತನಾಲ್ಕು ಕಿಲೋ, ಆ ಒಂದೇ ಹ್ಞೂಂ ಅಡಿಗೆ ತೂರಿದ್ದೇ, ಎದ್ದು ಒಲೆಯ ಕಡೆ ನಡೆಯಿತು. ಗ್ಯಾಸ್ ಹಚ್ಚಿ, ನೀರಿಟ್ಟು, ಅಕ್ಕಿ ತೊಳೆಯುವಾಗ ಮೋನಪ್ಪ ಒಮ್ಮೆ ತಿರುಗಿ ನೋಡಿದ. ಇಯರ್‌ಫೋನಿನ ತಂತಿ ಅವಳ ಕಿವಿಯಿಂದ ಮಡಿಲಿಗೆ ಇಳಿದಿತ್ತು. ಅದರ ತುದಿ ಹಳದಿ ಪಟ್ಟಿಯ ಪಕ್ಕದಲ್ಲಿ, ಯಾವುದಕ್ಕೂ ಸಿಕ್ಕಿಸದೆ ಸುಮ್ಮನೆ ಬಿದ್ದಿತ್ತು. ಸತ್ತ ಫೋನು ಅವನ ಜೇಬಿನಲ್ಲೇ ಇತ್ತು.

ಹಾಗಾದರೆ ಅವಳು ಎಲ್ಲ ಕೇಳಿಸಿಕೊಂಡಿದ್ದಳು.

ಅವನು ಅಕ್ಕಿಯ ಪಾತ್ರೆ ಹಿಡಿದುಕೊಂಡೇ ನಿಂತ. ಅವಳು ಏನನ್ನೂ ಒಂದೇ ಸಲ ಹೇಳುವವಳಲ್ಲ. ಹೇಳಿದ್ದನ್ನು ಇನ್ನೊಂದು ಸಲ ಹೇಳುತ್ತಾಳೆ, ಎರಡನೆಯದು ತನ್ನದು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೋನಪ್ಪ ಎರಡನೆಯ ಹ್ಞೂಂಗಾಗಿ ಕಾದ. ನೀರು ಕುದಿಯಿತು. ಅವನು ಬೆರಳು ಮಡಚಿ ಮೊದಲಿನಿಂದ ಎಣಿಸಿದ, ಎಲ್ಲಾದರೂ ಒಂದು ತಪ್ಪಿರಬಹುದೆಂದು ಮತ್ತೆ ಎಣಿಸಿದ.

ಹತ್ತು. ಇನ್ನು ನಾಳೆಯೇ.